ಅಳ್ನಾವರದ ಶ್ಯಾಣ್ಯಾ ಮಕ್ಕಳು

ಪ್ಯಾಸೆಂಜರ್ ಗಾಡಿಗೆ ಧಾರವಾಡ ಬಿಟ್ಟರೆ ಮುಂದಿನ ನಿಲ್ದಾಣ ಕ್ಯಾರಕೊಪ್ಪ. ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಆ ಊರಲ್ಲೇ. ಅಲ್ಲಿಂದ ಮುಗದ, ಕಂಬಾರಗಣವಿ ದಾಟಿದರೆ ಅಳ್ನಾವರ ಜಂಕ್ಷನ್. ಹಳಿಯ ಲೆಕ್ಕದಲ್ಲಿ ಇದು ಹತ್ತಿರದ ದಾರಿ. ಕಡಬಗಟ್ಟಿಯದೋ ಬೆಣಚಿಯದೋ ಸರಕಾರಿ ಸಾಲಿಯಲ್ಲಿ ಐದನೆಯ ತರಗತಿ ಓದುವ ಹುಡುಗಿಗೆ ಆ ವಿದ್ಯಾಲಯದ ಗೇಟು ಎಷ್ಟು ದೂರ ಎನ್ನುವುದು ಬೇರೆಯೇ ಲೆಕ್ಕ.

ಅಮೆರಿಕದ ಅನೇಕ ಶಾಲಾ ಜಿಲ್ಲೆಗಳು ಅವಳಂಥ ಚುರುಕು ಮಕ್ಕಳನ್ನು ಗುರುತಿಸಿ, ಅವರಿಗೆಂದೇ ಪ್ರತ್ಯೇಕ ತರಗತಿ, ಪ್ರತ್ಯೇಕ ಶಿಕ್ಷಕರನ್ನು ಇಟ್ಟಿವೆ. ನಮ್ಮಲ್ಲಿ ಅಂಥದ್ದೊಂದು ಕಟ್ಟಡ, ಒಂದು ಬೋರ್ಡು ಇಲ್ಲ. ಹಾಗಂತ ಏನೂ ಇಲ್ಲವೆಂದಲ್ಲ. ಐದನೆಯ ತರಗತಿಯಿಂದ ಹತ್ತರವರೆಗೆ ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಲಕ್ಕೆ ತೆರೆದ ಹಲವು ಬಾಗಿಲುಗಳಿವೆ. ಮಗು ಯಾವ ಬಾಗಿಲ ಮುಂದೆ ನಿಲ್ಲುತ್ತದೆ ಎಂಬುದು ಬಹುಪಾಲು ಒಬ್ಬ ಸರ್ ಅಥವಾ ಒಬ್ಬ ಅಕ್ಕೋರ ಮೇಲೆ ನಿಂತಿದೆ. ಈ ವ್ಯವಸ್ಥೆಯ ಬಲ ಅದೇ, ದೌರ್ಬಲ್ಯವೂ ಅದೇ.

ಮೊದಲ ಬಾಗಿಲು ನವೋದಯದ್ದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬೆಳೆದ ಈ ಶಾಲೆಗಳು ಆರನೆಯ ತರಗತಿಗೆ ಗರಿಷ್ಠ 80 ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಊಟ, ವಸತಿ, ಪುಸ್ತಕ ಎಲ್ಲ ಉಚಿತ. ಎರಡು ತಾಸಿನ ಪರೀಕ್ಷೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ ಅಂಕ ಆಕೃತಿಗಳನ್ನು ನೋಡಿ ಬಿಡಿಸುವ ಮಾನಸಿಕ ಸಾಮರ್ಥ್ಯಕ್ಕೆ, ಉಳಿದದ್ದು ಗಣಿತಕ್ಕೆ ಮತ್ತು ಭಾಷೆಗೆ. ಕನ್ನಡದಲ್ಲೇ ಬರೆಯಬಹುದು. ಆದರೆ ಜೀವಮಾನದಲ್ಲಿ ಒಂದೇ ಸಲ. ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಇಲ್ಲಿ ಅಳ್ನಾವರದ ಪಾಲಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅಳ್ನಾವರ ಪಟ್ಟಣ ಪಂಚಾಯಿತಿ ಇರುವ ಊರು. ನವೋದಯದ ನಿಯಮದಲ್ಲಿ ಅದು ನಗರ ಪ್ರದೇಶ. ಗ್ರಾಮೀಣ ಮೀಸಲಾತಿ ಬೇಕೆಂದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಊರೊಳಗಿನ ಶಾಲೆ ಚಲೋ ಎಂದು ಹಳ್ಳಿಯಿಂದ ಮಗುವನ್ನು ನಾಲ್ಕನೆಯ ತರಗತಿಗೆ ತಂದು ಸೇರಿಸಿದ ತಂದೆ, ಗೊತ್ತಿಲ್ಲದೆಯೇ ಅದನ್ನು ಚಿಕ್ಕ ಸಾಲಿನಿಂದ ತೆಗೆದು ದೊಡ್ಡ ಸಾಲಿನಲ್ಲಿ ನಿಲ್ಲಿಸಿರುತ್ತಾನೆ.

ನವೋದಯಕ್ಕೆ ಹೋದವರ ಸುದ್ದಿ ಊರೆಲ್ಲ ಆಗುತ್ತದೆ. ನನ್ನ ಮನಸ್ಸು ಹೆಚ್ಚು ಒಲಿಯುವುದು ಅದರ ಮುಂದಿನ ಬಾಗಿಲಿಗೆ, ಎಂಟನೆಯ ತರಗತಿಯ ಎನ್‌ಎಂಎಂಎಸ್‌ ಪರೀಕ್ಷೆಗೆ. ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್ ಎಂಬ ಇದು 2008ರಲ್ಲಿ ಆರಂಭವಾದ ಕೇಂದ್ರದ ಯೋಜನೆ. ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534. ಸರಕಾರಿ, ಅನುದಾನಿತ ಶಾಲೆಯಲ್ಲಿ ಓದುವ, ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಮಾತ್ರ. ವಸತಿ ಶಾಲೆಯವರಿಗೆ ಇಲ್ಲ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೆಯ ವರ್ಷದವರೆಗೆ ತಿಂಗಳಿಗೆ ಸಾವಿರ ರೂಪಾಯಿ. ನಾಲ್ಕು ವರ್ಷಕ್ಕೆ 48,000.

ಈ ಯೋಜನೆ ಹುಟ್ಟಿದ್ದೇ ಎಂಟನೆಯ ತರಗತಿ ಮುಗಿದ ಮೇಲೆ ಶಾಲೆ ಬಿಡುವ ಜಾಣ ಮಕ್ಕಳನ್ನು ತಡೆದು ನಿಲ್ಲಿಸಲು. ಅಳ್ನಾವರ ಸುತ್ತಿನ ಹೊಲ, ಕಾಡಂಚಿನ ಊರುಗಳನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹದಿನಾಲ್ಕರ ಹುಡುಗ ಕಬ್ಬಿನ ಗದ್ದೆಯಲ್ಲಿ ದುಡಿಯಬಲ್ಲ. ಹದಿನಾಲ್ಕರ ಹುಡುಗಿಯನ್ನು ದಿನಾ ಬಸ್ಸಿಗೆ ಕಳಿಸಲು ಮನೆಯವರು ಹಿಂದೆ ಮುಂದೆ ನೋಡುತ್ತಾರೆ. ಅಂಥಲ್ಲಿ ತಿಂಗಳಿನ ಸಾವಿರ ರೂಪಾಯಿ ಬಸ್ ಪಾಸು, ನೋಟ್‌ಬುಕ್ಕು, ಬೂಟು ಆಗುತ್ತದೆ. ಅದಕ್ಕಿಂತ ಮಿಗಿಲಾಗಿ, ‘ಈ ಹುಡುಗಿ ಪರೀಕ್ಷಾ ಪಾಸಾಗಿ ರೊಕ್ಕಾ ತಂದಾಳ’ ಎಂಬ ಒಂದು ಮಾತು ಮನೆಯ ಹಿರಿಯರ ಎದುರು ಅವಳ ಪರವಾಗಿ ವಾದಿಸುತ್ತದೆ.

ಪರೀಕ್ಷೆಗೆ ಎರಡು ಪತ್ರಿಕೆ. ಬೌದ್ಧಿಕ ಸಾಮರ್ಥ್ಯದ್ದು ಒಂದು, ಓದಿದ ಪಾಠಗಳ ವ್ಯಾಸಂಗ ಪ್ರವೃತ್ತಿಯದು ಇನ್ನೊಂದು. ತಲಾ 90 ಪ್ರಶ್ನೆ. ಎರಡನೆಯದನ್ನು ತರಗತಿಯ ಪಾಠದಿಂದಲೇ ಎದುರಿಸಬಹುದು. ಮೊದಲನೆಯದು ಮಕ್ಕಳಿಗೆ ಹೊಸ ಲೋಕ: ಸಂಖ್ಯೆಗಳ ಸರಣಿಯಲ್ಲಿ ಬಿಟ್ಟುಹೋದದ್ದು ಯಾವುದು, ಕನ್ನಡಿಯಲ್ಲಿ ಈ ಆಕೃತಿ ಹೇಗೆ ಕಾಣುತ್ತದೆ, ಗುಂಪಿಗೆ ಸೇರದ ಪದ ಯಾವುದು. ಇವು ಯಾವ ಪಠ್ಯದಲ್ಲೂ ಇಲ್ಲ. ಹಾಗಾಗಿ ಸಾಲಿ ಬಿಟ್ಟ ಮೇಲೆ ಒಂದು ತಾಸು, ಇಲ್ಲವೇ ಶನಿವಾರ ಮಧ್ಯಾಹ್ನ, ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂರುವ ಶಿಕ್ಷಕರಿದ್ದಲ್ಲಿ ಮಕ್ಕಳು ಪಾಸಾಗುತ್ತಾರೆ, ಇಲ್ಲದಲ್ಲಿ ಆಗುವುದಿಲ್ಲ. ಆ ತಾಸಿಗೆ ಭತ್ಯೆಯಿಲ್ಲ. ಇಪ್ಪತ್ತು ಮಕ್ಕಳನ್ನು ಕೂರಿಸಿದರೆ ಇಬ್ಬರು ಆಯ್ಕೆಯಾಗಬಹುದು. ಉಳಿದ ಹದಿನೆಂಟು ಮಂದಿಯೂ ಒಗಟು ಬಿಡಿಸುವ ರುಚಿ ಹತ್ತಿಸಿಕೊಂಡಿರುತ್ತಾರೆ, ಅದು ಯಾವ ಫಲಿತಾಂಶದ ಪಟ್ಟಿಯಲ್ಲೂ ಬರುವುದಿಲ್ಲ. ನಿಜವಾದ ಕಾರ್ಯಕ್ರಮ ಆ ಸಂಜೆಯ ತಾಸು ಎಂದೇ ನಾನು ತಿಳಿದಿದ್ದೇನೆ.

ಪರೀಕ್ಷೆ ಬರೆದು ಬದುಕು ಬದಲಿಸಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಮುಂಬಯಿ ಕರ್ನಾಟಕದ ಕಾಲದಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು ಕನ್ನಡ ಸಾಲಿ ಮಾಸ್ತರನಾಗಬಹುದಿತ್ತು. ‘ಮುಲ್ಕಿ ಪಾಸ್’ ಎಂದು ಅಜ್ಜಂದಿರು ಎದೆಯುಬ್ಬಿಸಿ ಹೇಳುತ್ತಿದ್ದುದನ್ನು ಕೇಳಿದವರು ಇನ್ನೂ ಇದ್ದಾರೆ.

ಆದರೆ ಪರೀಕ್ಷೆ ಒಂದು ಬಗೆಯ ಜಾಣತನವನ್ನಷ್ಟೇ ಹಿಡಿಯುತ್ತದೆ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1921ರಲ್ಲಿ ಬುದ್ಧಿಮತ್ತೆಯ ಅಂಕ ನೋಡಿ ಪ್ರತಿಭಾವಂತ ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿದರು. ಅಂಕ ಸಾಲದೆಂದು ಆಗ ಕೈಬಿಟ್ಟವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್ ಎಂಬ ಇಬ್ಬರು ಹುಡುಗರಿದ್ದರು. ಇಬ್ಬರೂ ಮುಂದೆ ಭೌತವಿಜ್ಞಾನದ ನೊಬೆಲ್ ಪಡೆದರು. ಆರಿಸಿಕೊಂಡವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಪ್ರತಿಭಾವಂತ ಮಕ್ಕಳ ಬಗ್ಗೆ ನಡೆಸಿದ ಕೆಲಸದಲ್ಲಿ ಶಿಕ್ಷಕರ ಮತ್ತು ಪಾಲಕರ ಅವಲೋಕನಕ್ಕೆ ಮಹತ್ವ ಸಿಕ್ಕಿರುವುದು ಇದೇ ಕಾರಣಕ್ಕೆ. ಪಾಠದ ನಡುವೆ ಮೇಲಿಂದ ಮೇಲೆ ಪ್ರಶ್ನೆ ಕೇಳಿ ಬೈಸಿಕೊಳ್ಳುವ ಹುಡುಗ, ಲೆಕ್ಕ ಬೇಗ ಮುಗಿಸಿ ಪಕ್ಕದವರನ್ನು ಕೆಣಕುವ ಹುಡುಗಿ, ಇಂಥವರು ಕಾಟದ ಮಕ್ಕಳೆಂದೇ ಹೆಸರಾಗಿರುತ್ತಾರೆ.

ಅಂಕಪಟ್ಟಿಗೆ ಸಿಗದವರಿಗಾಗಿ ಇರುವುದು ಪ್ರತಿಭಾ ಕಾರಂಜಿ. ಎರಡು ಸಾವಿರದ ದಶಕದ ಆರಂಭದಲ್ಲಿ ಕರ್ನಾಟಕ ಸರಕಾರ ಶುರುಮಾಡಿದ ಈ ಸ್ಪರ್ಧೆ ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಏರುತ್ತದೆ. ಕ್ಲಸ್ಟರ್ ಮಟ್ಟದ ದಿನವನ್ನು ನೋಡಬೇಕು. ಯಾವುದೋ ಒಂದು ಶಾಲೆಯ ಅಂಗಳದಲ್ಲಿ ಪೆಂಡಾಲು. ಒಂದು ಕೋಣೆಯಲ್ಲಿ ಕಂಠಪಾಠ, ಪಕ್ಕದಲ್ಲಿ ಮಣ್ಣಿನ ಮಾದರಿ, ಹೊರಗೆ ಛದ್ಮವೇಷದ ಮಕ್ಕಳಿಗೆ ಬಣ್ಣ ಬಳಿಯುವ ತಾಯಂದಿರು. ಅಭಿನಯ ಗೀತೆ, ಕಥೆ ಹೇಳುವುದು, ಆಶುಭಾಷಣ, ಜಾನಪದ ನೃತ್ಯ, ಕವ್ವಾಲಿ. ಧಾರ್ಮಿಕ ಪಠಣದಲ್ಲಿ ಸಂಸ್ಕೃತವೂ ಇದೆ, ಅರೇಬಿಕ್ ಕೂಡ ಇದೆ. ಕನ್ನಡ, ಮರಾಠಿ, ಉರ್ದು ಮೂರೂ ಸಂತೆಯಲ್ಲಿ ಕಿವಿಗೆ ಬೀಳುವ ಅಳ್ನಾವರದಂಥ ಊರಿಗೆ ಇದು ಹೇಳಿ ಮಾಡಿಸಿದ ವೇದಿಕೆ. ಎಂಟರ ಮಗ್ಗಿ ತಪ್ಪುವ ಹುಡುಗ ಮಣ್ಣಲ್ಲಿ ಎತ್ತಿನ ಇಣಿಯನ್ನು ಬೆರಳಿನಿಂದ ಎಬ್ಬಿಸುವುದನ್ನು ಅವನ ಗಣಿತದ ಸರ್ ಮೊದಲ ಸಲ ನೋಡುವುದು ಅಲ್ಲೇ.

ಧಾರವಾಡದ ಪಕ್ಕದ ಮನಸೂರಿನ ಗಾಯಕ ಮಲ್ಲಿಕಾರ್ಜುನ ಮನಸೂರರಿಗೆ ಶಾಲೆ ಹಿಡಿಸಲಿಲ್ಲ. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಆ ಹುಡುಗನ ಕಂಠವನ್ನು ಕೇಳಿ, ಮಿರಜಿನ ನೀಲಕಂಠ ಬುವಾ ಶಿಷ್ಯನನ್ನಾಗಿ ಸ್ವೀಕರಿಸಿದರು. ಬುವಾ ಆ ನಾಟಕಕ್ಕೆ ಬಂದು ಕೂತದ್ದು ಯೋಗಾಯೋಗ. ಯೋಗಾಯೋಗಕ್ಕೆ ಬಿಡದೆ ವರ್ಷಕ್ಕೊಮ್ಮೆ ಎಲ್ಲ ಮಕ್ಕಳನ್ನೂ ಯಾರಾದರೂ ಕೇಳುವಂತೆ, ನೋಡುವಂತೆ ಮಾಡುವುದು ಪ್ರತಿಭಾ ಕಾರಂಜಿಯ ಹೆಚ್ಚುಗಾರಿಕೆ. ಒಂದು ಅಸಮಾಧಾನವೂ ಉಂಟು. ಬಹುಮಾನ ಬಂದ ಮೇಲೆ ಆ ಮಗುವಿಗೆ ಮುಂದೆ ಕಲಿಸುವವರಾರು? ಸಂಗೀತ, ಚಿತ್ರಕಲೆಯ ಶಿಕ್ಷಕರು ಎಷ್ಟೋ ಶಾಲೆಗಳಲ್ಲಿ ಇಲ್ಲ. ಪ್ರಮಾಣಪತ್ರ ಗೋಡೆಗೆ ಹೋಗುತ್ತದೆ, ಕಂಠ ಹಾಗೇ ಉಳಿಯುತ್ತದೆ.

ವಿಜ್ಞಾನದ ಕಡೆ ಎರಡು ಹಾದಿ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಶಾಲೆ ತನ್ನ ಮಕ್ಕಳ ಹೊಸ ವಿಚಾರಗಳನ್ನು ಕಳಿಸುತ್ತದೆ; ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೇ 10,000 ರೂಪಾಯಿ. ಇನ್ನೊಂದು 1993ರಿಂದ ದೇಶದಲ್ಲಿ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸುತ್ತ ಬಂದಿದೆ. ಇಲ್ಲಿ ಥರ್ಮೋಕೋಲಿನ ಜ್ವಾಲಾಮುಖಿಗೆ ಬೆಲೆಯಿಲ್ಲ. 10ರಿಂದ 17 ವಯಸ್ಸಿನ ಮಕ್ಕಳು ತಮ್ಮ ಊರಿನದೇ ಸಮಸ್ಯೆ ಹಿಡಿದು, ಅಳೆದು, ವಿಚಾರಿಸಿ, ವರದಿ ಬರೆಯಬೇಕು. ಅಳ್ನಾವರಕ್ಕೆ ವಿಷಯದ ಬರವಿಲ್ಲ. ಮಳೆಗೆ ಮೊದಲೇ ಕೂರಿಗೆಯಿಂದ ಬಿತ್ತುವ ಭತ್ತಕ್ಕೂ ನಾಟಿ ಮಾಡಿದ ಭತ್ತಕ್ಕೂ ನೀರಿನ ಖರ್ಚಿನಲ್ಲಿ ಎಷ್ಟು ಅಂತರ? 2019ರ ಆಗಸ್ಟಿನ ಮಳೆಗೆ ಹುಲಿಕೇರಿಯ ಇಂದಿರಮ್ಮನ ಕೆರೆ ತುಂಬಿ ಊರವರ ನಿದ್ದೆಗೆಡಿಸಿತ್ತಲ್ಲ, ಆ ಕೆರೆಯ ಹೂಳು ಎಷ್ಟು? ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಮಕ್ಕಳು ಅಜ್ಜನ ಹತ್ತಿರ ಹೋಗಬೇಕು, ಹೊಲದಲ್ಲಿ ನಿಲ್ಲಬೇಕು. ಅನುಮಾನ ಬಂದರೆ ಕೇಳಲು ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. 2020ರ ಶಿಕ್ಷಣ ನೀತಿ ಹೇಳುವ ವಿಷಯವಾರು ಕ್ಲಬ್ಬುಗಳು ಇಲ್ಲಿ ಬೇರೂರಬೇಕಾದರೆ ಇಂಥ ಮಣ್ಣಿನ ಪ್ರಶ್ನೆಗಳಿಂದಲೇ ಶುರುವಾಗಬೇಕು.

ಪಾಲಕರಿಗೆ ಒಂದೆರಡು ಕೆಲಸದ ಮಾತು. ಎನ್‌ಎಂಎಂಎಸ್‌ಗೆ ಕೂರಲು ಏಳನೆಯ ತರಗತಿಯಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50 ಸಾಕು. ಆದ್ದರಿಂದ ತಯಾರಿ ಏಳರಲ್ಲೇ ಆರಂಭವಾಗಲಿ. ಆದಾಯ ಮತ್ತು ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿಡಿ, ಕೊನೆಯ ವಾರದವರೆಗೆ ಕಾಯಬೇಡಿ. ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಮಗುವಿನ ಹೆಸರಿನ ಅಕ್ಷರ ಒಂದೇ ಇರಲಿ. ಒಂದು ಕಾಗುಣಿತ ಬೇರೆಯಾದರೂ ಹಣ ನಿಲ್ಲಬಹುದು. ಆಯ್ಕೆಯಾದ ಮೇಲೆ ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ನವೀಕರಿಸಬೇಕು. ಮರೆತರೆ ಗಳಿಸಿದ್ದು ಕೈತಪ್ಪುತ್ತದೆ, ಹಾಗಾಗಿ ಶಾಲೆ ಶುರುವಾದ ಕೂಡಲೇ ಸರ್ ಹತ್ತಿರ ಹೋಗಿ ಒಮ್ಮೆ ಕೇಳಿ ಬನ್ನಿ.