ಪಿಸಿಓಎಸ್: ಸ್ಕ್ಯಾನಿಂಗಿಗೂ ಮೊದಲು ಕೇಳಬೇಕಾದ್ದು

‘ಸ್ಕ್ಯಾನಿಂಗಲ್ಲಿ ಪಿಸಿಓಡಿ ಬಂದಿದೆಯಂತೆ’ ಎಂದು ಹದಿನಾರರ ಮಗಳ ರಿಪೋರ್ಟು ಹಿಡಿದು ಕಂಗಾಲಾಗುವ ತಾಯಂದಿರು ಈಗ ಎಲ್ಲ ಊರಲ್ಲೂ ಇದ್ದಾರೆ. ಆದರೆ ಮೈನೆರೆದು ಎಂಟು ವರ್ಷ ಕಳೆಯುವವರೆಗೆ ಪಿಸಿಓಡಿ ಎಂದೂ ಕರೆಯುವ ಪಿಸಿಓಎಸ್‌ನ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಪತ್ತೆಗೆಂದು ಸ್ಕ್ಯಾನಿಂಗ್ ಮಾಡಿಸುವುದೇ ಬೇಡ ಎನ್ನುತ್ತದೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಆ ವಯಸ್ಸಿನಲ್ಲಿ ಆರೋಗ್ಯವಾಗಿರುವ ಎಷ್ಟೋ ಹುಡುಗಿಯರ ಅಂಡಾಶಯದಲ್ಲೂ ಸಣ್ಣ ಗುಳ್ಳೆಗಳು ಹೆಚ್ಚಾಗಿ ಕಾಣುತ್ತವೆ.

ಅವು ಗೆಡ್ಡೆಗಳಲ್ಲ. ಒಂದೊಂದರಲ್ಲೂ ಒಂದು ಅಂಡಾಣು ಇರುತ್ತದೆ. ತಿಂಗಳಿಗೆ ಹಲವು ಗುಳ್ಳೆಗಳು ಬೆಳೆಯತೊಡಗಿ, ಸಾಮಾನ್ಯವಾಗಿ ಒಂದು ಮಾತ್ರ ಪೂರ್ತಿ ಬಲಿತು ಒಡೆಯಬೇಕು. ಪಿಸಿಓಎಸ್‌ನಲ್ಲಿ ಅವು ಅರ್ಧಕ್ಕೇ ನಿಂತುಬಿಡುತ್ತವೆ. ಅಂಡಾಣು ಹೊರಬೀಳದಿದ್ದರೆ ಸಾಕಷ್ಟು ಪ್ರೊಜೆಸ್ಟರಾನ್ ಸ್ರವಿಸುವುದಿಲ್ಲ. ಮುಟ್ಟು ಮುಂದಕ್ಕೆ ಹೋಗುತ್ತದೆ, ಗರ್ಭಕೋಶದ ಒಳಪದರ ದಪ್ಪವಾಗುತ್ತದೆ.

ಹಲವರಲ್ಲಿ ಇದರ ಹಿಂದೆ ಇನ್ಸುಲಿನ್ ಇದೆ. ದೇಹ ಅದರ ಮಾತು ಕೇಳದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯದಿಂದ ಆಂಡ್ರೋಜನ್ ಎಂಬ ‘ಗಂಡು’ ಹಾರ್ಮೋನನ್ನು ಅತಿಯಾಗಿ ಹೊರಡಿಸುತ್ತದೆ. ರಕ್ತದಲ್ಲಿ ಆ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುವುದನ್ನೂ ತಗ್ಗಿಸುತ್ತದೆ. ಗಲ್ಲದ ಮೇಲಿನ ಒರಟು ಕೂದಲು, ಹೋಗದ ಮೊಡವೆ ಬರುವುದು ಹೀಗೆ. ಕೆಲವರ ಕುತ್ತಿಗೆಯ ಹಿಂದೆ ಕಪ್ಪಾಗಿ ದಪ್ಪಗಾಗುವ ಚರ್ಮವೂ ಇನ್ಸುಲಿನ್‌ನದೇ ಗುರುತು. ಅದನ್ನು ಕೊಳೆಯೆಂದು ಉಜ್ಜಿಸಿಕೊಂಡ ಹುಡುಗಿಯರೆಷ್ಟೋ!

ಪತ್ತೆಯ ಲೆಕ್ಕಾಚಾರ 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರದು. ಏರುಪೇರಾದ ಮುಟ್ಟು, ಆಂಡ್ರೋಜನ್ ಹೆಚ್ಚಿರುವ ಲಕ್ಷಣ, ಗುಳ್ಳೆ ತುಂಬಿದ ಅಂಡಾಶಯ: ಈ ಮೂರರಲ್ಲಿ ಎರಡು ಇರಬೇಕು. ಮೊದಲೆರಡು ಇದ್ದವರಿಗೆ ಸ್ಕ್ಯಾನಿಂಗ್ ಅಗತ್ಯವೇ ಇಲ್ಲ. ಮೂರನೆಯದೊಂದೇ ಇದ್ದರೆ ಕಾಯಿಲೆಯೇ ಅಲ್ಲ. ಹದಿಹರೆಯದವರಲ್ಲಿ ಮೊದಲೆರಡೂ ಇರಲೇಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಅಡ್ರಿನಲ್ ಗ್ರಂಥಿಯ ತೊಂದರೆಗಳೂ ಇದೇ ವೇಷದಲ್ಲಿ ಬರುವುದರಿಂದ ಅವು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆಯೂ ಸಾಕೆಂದು 2023ರಲ್ಲಿ ಸೇರಿಸಿದರು.

ಹಾಗಾಗಿ ನನ್ನ ಮಟ್ಟಿಗೆ ಯಂತ್ರಕ್ಕಿಂತ ಹೆಚ್ಚು ಹೇಳುವುದು ಕ್ಯಾಲೆಂಡರ್. ಮೈನೆರೆದ ಮೊದಲ ವರ್ಷ ಮುಟ್ಟು ಹೇಗೆ ಬಂದರೂ ಸಹಜ. ಮೂರು ವರ್ಷವಾದ ಮೇಲೆ 21 ದಿನಕ್ಕೂ ಮೊದಲೇ ಅಥವಾ 35 ದಿನ ದಾಟಿ ಬರುತ್ತಿದ್ದರೆ ಏರುಪೇರೆಂದೇ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ಶೇ 10ರಿಂದ 13ರಷ್ಟು ಮಂದಿಗೆ ಪಿಸಿಓಎಸ್ ಇದೆ. ‘ಮದುವೆಯಾದರೆ ಸರಿಹೋಗುತ್ತೆ’ ಎನ್ನುವವರು ಗಮನಿಸದ ಸಂಗತಿ ಮಧುಮೇಹ. ಮೈ ತೆಳ್ಳಗಿದ್ದರೂ ಅದರ ಅಪಾಯವಿದೆ. ಪಿಸಿಓಎಸ್ ಖಚಿತವಾದವರು ತೂಕ ಎಷ್ಟೇ ಇರಲಿ, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಸಕ್ಕರೆ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು.