ಕೊರಿಯದ ಮಕ್ಕಳಿಗೆ ಇಂಗ್ಲಿಷ್ ಹೇಳಿದ ಕನ್ನಡ ಮೇಷ್ಟ್ರು

ಕನ್ನಡದಲ್ಲಿ ಎಂ.ಎ. ಮಾಡಿ, ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಂಪ, ರನ್ನ, ಕುಮಾರವ್ಯಾಸರ ಪಾಠ ಹೇಳುತ್ತಿರುವ ನನ್ನಂಥವನು ಸಮುದ್ರ ದಾಟಿ ಹೋಗಿ ಪರದೇಶದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದನೆಂದರೆ ವಾಚಕರಿಗೆ ನಗು ಬರಬಹುದು. ಬರಬೇಕಾದದ್ದೇ. ನಾನು ಇಂಗ್ಲಿಷ್ ಅಕ್ಷರದ ಮುಖ ಕಂಡದ್ದು ಐದನೆಯ ತರಗತಿಯಲ್ಲಿ. ಇಂದಿಗೂ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಬೇಕಾದರೆ ಮೊದಲು ಮನಸ್ಸಿನಲ್ಲಿ ಕನ್ನಡದ ವಾಕ್ಯವೊಂದು ಎದ್ದು ನಿಲ್ಲುತ್ತದೆ. ಆದರೂ 2024ರ ಆಗಸ್ಟ್ ತಿಂಗಳಿನಲ್ಲಿ ಮೂರು ವಾರಗಳ ಕಾಲ ಈ ಕೆಲಸವನ್ನು ಮಾಡಿದ್ದು ನಿಜ. ಅದರಲ್ಲಿ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚೆಂಬುದೂ ಅಷ್ಟೇ ನಿಜ.

ನನ್ನ ಅಕ್ಕ ಮತ್ತು ಭಾವ ದಕ್ಷಿಣ ಕೊರಿಯದ ಸುವೊನ್ ನಗರದಲ್ಲಿದ್ದಾರೆ. ರಾಜಧಾನಿ ಸಿಯೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಊರು. ಜೋಂಗ್‌ಜೋ ಎಂಬ ಅರಸನು 1794ರಿಂದ 1796ರವರೆಗೆ ಕಟ್ಟಿಸಿದ ಕೋಟೆ ಇಂದಿಗೂ ಊರ ನಡುವೆ ಹಾವಿನಂತೆ ಸುತ್ತಿಕೊಂಡಿದೆ. ಭಾವ ಎಂಜಿನಿಯರು. ನಮ್ಮ ಕಾಲೇಜಿಗೆ ಆ ವರ್ಷ ರಜೆ ಆಗಸ್ಟಿನಲ್ಲಿ ಬಂದುದರಿಂದ, "ಒಮ್ಮೆ ಬಂದು ಹೋಗೋ" ಎಂದು ಅಕ್ಕ ಮೂರು ವರ್ಷಗಳಿಂದ ಹೇಳುತ್ತಿದ್ದ ಮಾತು ಕೈಗೂಡಿತು.

ಕೊರಿಯದ ಶಾಲೆಗಳಿಗೆ ಬೇಸಗೆಯ ರಜೆ ಜುಲೈ ಕೊನೆಗೆ ಆರಂಭವಾಗುತ್ತದೆ. ಅಷ್ಟು ಹೊತ್ತಿಗೆ ಅಲ್ಲಿಯ ಮಳೆಗಾಲ ಮುಗಿಯುತ್ತ ಬಂದು, ಬಿಸಿಲು ಬೆವರು ಕಿತ್ತು ಹರಿಸುತ್ತಿರುತ್ತದೆ. ಬಹುಮಹಡಿ ಕಟ್ಟಡಗಳ ನಡುವಿನ ಮರಗಳಲ್ಲಿ ಜೀರುಂಡೆಗಳು ಬೆಳಗಿನಿಂದ ಸಂಜೆಯವರೆಗೆ ಕೂಗುವ ಕೂಗಿಗೆ ಎದುರಿಗಿದ್ದವರ ಮಾತು ಕೇಳಿಸದು. ನಾನು ಹೋದ ಮೂರನೆಯ ದಿನ, ಎದುರು ಮನೆಯ ಗೃಹಿಣಿ ಒಂದು ತಟ್ಟೆ ಪೀಚ್ ಹಣ್ಣುಗಳನ್ನು ಎರಡೂ ಕೈಗಳಲ್ಲಿ ಹಿಡಿದು ತಂದುಕೊಟ್ಟು, ಅಕ್ಕನೊಡನೆ ಏನೋ ಪಿಸುಗುಟ್ಟಿ ಹೋದಳು.

"ರಜೆ ಇರುವಷ್ಟು ದಿನ ಅವಳ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮಾತನಾಡಿಸಬೇಕಂತೆ. ನೀನು ಮೇಷ್ಟ್ರಲ್ಲವೇನೋ?" ಎಂದಳು ಅಕ್ಕ.

"ಅಕ್ಕಾ, ನಾನು ಪಂಪನ ಮೇಷ್ಟ್ರು."

"ಮೇಷ್ಟ್ರು ಅಂದಮೇಲೆ ಮೇಷ್ಟ್ರು. ಅವರಿಗೆ ಅಷ್ಟು ಸಾಕು."

ಅಲ್ಲಿಗೆ ತೀರ್ಮಾನವಾಯಿತು.

ಸಂಬಳವಿಲ್ಲದ ಉದ್ಯೋಗ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೊರಿಯದಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸುವ ಉದ್ಯೋಗಕ್ಕೆ ಯಾರೆಂದರೆ ಅವರು ಹೋಗುವಂತಿಲ್ಲ. ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕ, ಈ ಏಳು ದೇಶಗಳ ಪ್ರಜೆಗಳಿಗೆ ಮಾತ್ರ ಸಾಮಾನ್ಯವಾಗಿ ಆ ವೀಸಾ ದೊರೆಯುತ್ತದೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯ ಆರ್ಥಿಕ ಒಪ್ಪಂದವು ಅರ್ಹತೆಯುಳ್ಳ ಭಾರತೀಯರಿಗೆ ಸರಕಾರಿ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಸಣ್ಣ ಬಾಗಿಲೊಂದನ್ನು ತೆರೆಯಿತು. ನಾನು ಎರಡೂ ಬಾಗಿಲುಗಳ ಹೊರಗಿನವನು. ನೆಂಟರ ಮನೆಗೆ ಬಂದವನು ನೆರೆಯ ಮಕ್ಕಳೊಡನೆ ಹರಟಿದೆ, ಅಷ್ಟೆ. ನನಗೆ ಸಂದ ಸಂಬಳವೆಂದರೆ ಪೀಚ್ ಹಣ್ಣು, ಕಲ್ಲಂಗಡಿ, ಮತ್ತು ಬಾಗಿಲಲ್ಲಿ ಚಪ್ಪಲಿ ಕಳಚಿ ಸೊಂಟದವರೆಗೆ ಬಾಗಿ ಮಕ್ಕಳು ಮಾಡುತ್ತಿದ್ದ ನಮಸ್ಕಾರ.

ಮೊದಲ ದಿನ ಇಬ್ಬರು ಬಂದರು. ವಾರ ತುಂಬುವುದರೊಳಗೆ ಆರು ಮಂದಿಯಾದರು. ಎಲ್ಲರೂ ಒಂಬತ್ತರಿಂದ ಹನ್ನೆರಡು ವರ್ಷದವರು. ಜೊತೆಗೆ ಅಕ್ಕನ ಎಂಟು ವರ್ಷದ ಮಗಳು. ಪಾಠದ ಹೊತ್ತು ಬೆಳಗ್ಗೆ ಹತ್ತರಿಂದ ಹನ್ನೊಂದು. ಅದಕ್ಕಿಂತ ಮೊದಲು ಒಬ್ಬನಿಗೆ ಈಜು, ಇನ್ನೊಬ್ಬಳಿಗೆ ಪಿಯಾನೊ. ಹನ್ನೊಂದೂವರೆಗೆ ಕೆಳಗೆ ಹಳದಿ ವ್ಯಾನು ಬಂದು ನಿಲ್ಲುತ್ತಿತ್ತು. ಗಣಿತದ ಹಗ್‌ವನ್‌ಗೆ ಹೊರಡಬೇಕು. ಹಗ್‌ವನ್ ಎಂದರೆ ನಮ್ಮ ಟ್ಯೂಷನ್ ಮನೆಯ ದೊಡ್ಡಣ್ಣ. "ಹಾಗಾದರೆ ಇದೆಂಥ ರಜೆ?" ಎಂದು ಕೇಳಿದಾಗ ಒಬ್ಬ ಹುಡುಗಿ, "ರಜೆಯಲ್ಲಿ ಶಾಲೆ ಇಲ್ಲವಲ್ಲ, ಅದಕ್ಕೇ ಹಗ್‌ವನ್ ಜಾಸ್ತಿ" ಎಂದು ನನ್ನ ಅಜ್ಞಾನಕ್ಕೆ ಮರುಗಿದಳು.

ತೆರುವ ಬೆಲೆ

ಈ ಹಗ್‌ವನ್‌ಗಳದ್ದು ಒಂದು ದೊಡ್ಡ ಕಥೆ. 1980ರಲ್ಲಿ ಅಲ್ಲಿಯ ಸೈನಿಕ ಆಡಳಿತವು ಖಾಸಗಿ ಪಾಠವನ್ನೇ ನಿಷೇಧಿಸಿತು. ಆದರೂ ಅದು ಕದ್ದು ಮುಚ್ಚಿ ನಡೆಯಿತು. 2000ದಲ್ಲಿ ಸಂವಿಧಾನ ನ್ಯಾಯಾಲಯವು ಆ ನಿಷೇಧ ಸಲ್ಲದೆಂದು ತೀರ್ಪಿತ್ತಿತು. ಸಿಯೋಲ್ ನಗರದಲ್ಲಿ ರಾತ್ರಿ ಹತ್ತರ ಮೇಲೆ ಹಗ್‌ವನ್ ನಡೆಸಬಾರದೆಂದು ಕಟ್ಟಳೆ ಮಾಡಬೇಕಾಗಿ ಬಂದಿದೆಯೆಂದರೆ ಪರಿಸ್ಥಿತಿಯನ್ನು ಊಹಿಸಬಹುದು. ಸರಕಾರದ ಲೆಕ್ಕದಂತೆ 2024ರಲ್ಲಿ ಶಾಲಾಮಕ್ಕಳ ಖಾಸಗಿ ಪಾಠಕ್ಕಾಗಿ ಅಲ್ಲಿಯ ತಂದೆತಾಯಿಗಳು ತೆತ್ತ ಹಣ ಸುಮಾರು 29.2 ಲಕ್ಷ ಕೋಟಿ ವೊನ್. ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷ ಕೋಟಿಯಷ್ಟಾಗುತ್ತದೆ. ನೂರು ಮಕ್ಕಳಲ್ಲಿ ಎಂಬತ್ತು ಮಂದಿ ಇಂಥ ಪಾಠಕ್ಕೆ ಹೋಗುವವರೇ.

ಇದರಲ್ಲಿ ಇಂಗ್ಲಿಷಿನ ಪಾಲು ಸಣ್ಣದಲ್ಲ. 1997ರಿಂದ ಮೂರನೆಯ ತರಗತಿಯಲ್ಲಿಯೇ ಇಂಗ್ಲಿಷ್ ಪಠ್ಯವಿಷಯವಾಗಿದೆ. ನವೆಂಬರಿನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಕಿವಿಯಿಂದ ಕೇಳಿ ಉತ್ತರಿಸುವ ಭಾಗ ಬಂದಾಗ, ಸದ್ದಾಗಬಾರದೆಂದು ದೇಶಾದ್ಯಂತ ವಿಮಾನಗಳು ಏಳುವುದನ್ನೂ ಇಳಿಯುವುದನ್ನೂ ನಿಲ್ಲಿಸುತ್ತಾರೆ! ಮಕ್ಕಳು ಇಂಗ್ಲಿಷ್ ಪರಿಸರದಲ್ಲಿಯೇ ನಲಿಯಲೆಂದು 2004ರಲ್ಲಿ ಆನ್‌ಸಾನ್, 2006ರಲ್ಲಿ ಪಾಜು ಎಂಬಲ್ಲಿ 'ಇಂಗ್ಲಿಷ್ ಗ್ರಾಮ'ಗಳನ್ನೇ ಕಟ್ಟಿದರು. ರಜೆ ಬಂತೆಂದರೆ ಫಿಲಿಪೀನ್ಸಿನ ಬಾಗಿಯೊ, ಸೆಬು ನಗರಗಳಿಗೆ ಮಕ್ಕಳನ್ನು ಕಳುಹಿಸುವವರೂ ಉಂಟು.

ಇನ್ನು ಕೆಲವು ಸಂಸಾರಗಳು ಇಂಗ್ಲಿಷಿಗಾಗಿ ಒಡೆದು ಎರಡಾಗಿ ಬಾಳಿವೆ. ತಾಯಿ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೋ ಕೆನಡಕ್ಕೋ ಹೋಗುವುದು, ತಂದೆ ಊರಿನಲ್ಲಿ ಒಂಟಿಯಾಗಿ ದುಡಿದು ಹಣ ಕಳುಹಿಸುವುದು. ಅಂಥ ತಂದೆಗೆ ಕೊರಿಯದವರು 'ಕಿರೊಗಿ ಅಪ್ಪ' ಎನ್ನುತ್ತಾರೆ, ಕಾಡುಬಾತಿನ ಅಪ್ಪ. ಕೊರಿಯದ ಹಳೆಯ ಮದುವೆಗಳಲ್ಲಿ ಅಗಲದ ದಾಂಪತ್ಯದ ಗುರುತಾಗಿ ಮರದ ಬಾತುಗಳನ್ನಿಡುವ ಸಂಪ್ರದಾಯವಿದೆ. ಅದೇ ಹಕ್ಕಿಯ ಹೆಸರು ಹೆಂಡತಿ ಮಕ್ಕಳನ್ನು ಅಗಲಿದವನಿಗೆ ಬಂದುದು ಎಂಥ ವಿಪರ್ಯಾಸ! 'ಅಪ್ಪ' ಎಂಬ ಮಾತನ್ನು ನಾನು ಅನುವಾದ ಮಾಡಿಲ್ಲ. ಕೊರಿಯದ ಮಕ್ಕಳು ತಂದೆಯನ್ನು ಕರೆಯುವುದೇ 'ಅಪ್ಪ' ಎಂದು.

ಹಳೆಯ ಪರಿಚಯದ ತಪ್ಪುಗಳು

ಪಾಠ ಆರಂಭವಾದ ಮೇಲೆ ನನಗೆ ಒದಗಿದ ಆಶ್ಚರ್ಯವನ್ನು ಏನೆಂದು ಹೇಳಲಿ! ಆ ಮಕ್ಕಳು ಮಾಡುತ್ತಿದ್ದ ತಪ್ಪುಗಳೆಲ್ಲವೂ ನನಗೆ ಬಾಲ್ಯದಿಂದ ಪರಿಚಿತವಾದವು. ಕೊರಿಯದ ನುಡಿಯಲ್ಲಿ ಕ್ರಿಯಾಪದ ಬರುವುದು ನಮ್ಮಲ್ಲಿಯಂತೆ ವಾಕ್ಯದ ಕೊನೆಗೆ. ವಿಭಕ್ತಿ ಪ್ರತ್ಯಯಗಳು ನಾಮಪದದ ಬಾಲಕ್ಕೆ ಅಂಟುತ್ತವೆ. ಆದುದರಿಂದ ಹುಡುಗನೊಬ್ಬ "ಐ ಆ್ಯಪಲ್ ಈಟ್" ಎಂದಾಗ ನನಗೆ ನಮ್ಮೂರಿನ ಶಾಲೆಯೇ ಕಣ್ಣಿಗೆ ಕಟ್ಟಿತು. ಅವರ ಬಾಯಲ್ಲಿ ಬಸ್ 'ಬೊಸು' ಆಗುತ್ತದೆ. ನಾವೂ 'ಬಸ್ಸು' ಎಂದು ಉಕಾರ ಹಚ್ಚದೆ ಬಿಟ್ಟವರಲ್ಲ. ಅವರಿಗೆ ಕಾಫಿ 'ಕೊಪಿ'; ನನ್ನ ಅಜ್ಜಿಗೆ ಕೊನೆಯವರೆಗೂ ಅದು 'ಕಾಪಿ'ಯೇ ಆಗಿದ್ದಿತು. ರಕಾರ ಲಕಾರಗಳಿಗೆ ಅವರಲ್ಲಿ ಇರುವುದು ಒಂದೇ ಅಕ್ಷರ. ಅಲ್ಲಿ ಮಾತ್ರ, ಹಳಗನ್ನಡದ ಱಕಾರ ೞಕಾರಗಳನ್ನು ವಿದ್ಯಾರ್ಥಿಗಳ ನಾಲಗೆಯಲ್ಲಿ ಹೊರಡಿಸಿ ಪಳಗಿದ ನನ್ನ ವಿದ್ಯೆ ಉಪಯೋಗಕ್ಕೆ ಬಂತು.

ಒಬ್ಬನೇ ಮಗನಾದ ಹುಡುಗನೊಬ್ಬ ತನ್ನ ತಾಯಿಯನ್ನು ತೋರಿಸಿ "ಅವರ್ ಮದರ್" ಎಂದ. ಇಂಗ್ಲಿಷ್ ಮೇಷ್ಟ್ರಾದರೆ "ಮೈ ಮದರ್" ಎಂದು ತಿದ್ದಬೇಕು. ನಾನು ತಿದ್ದಿದೆ, ಮನಸ್ಸಿನಲ್ಲಿ ಮಾತ್ರ "ನಮ್ಮಮ್ಮ" ಎಂದುಕೊಂಡೆ. ಅವರಿಗೂ ಮನೆ ಎಂದರೆ 'ನಮ್ಮ ಮನೆ', ತಾಯಿ ಎಂದರೆ 'ನಮ್ಮ ತಾಯಿ'. ಎದುರಿಗೆ ಸಿಕ್ಕವರನ್ನು "ಊಟವಾಯಿತೆ?" ಎಂದು ವಿಚಾರಿಸುವುದೂ ಅವರಲ್ಲಿ ವಾಡಿಕೆ. ಇಂಥ ಹೋಲಿಕೆಗಳನ್ನು ಕಂಡೇ ಹೋಮರ್ ಹಲ್ಬರ್ಟ್ ಎಂಬ ಪಾದ್ರಿ 1905ರಲ್ಲಿ ಕೊರಿಯ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದ. ಇವು ಒಂದೇ ತಾಯಿಯ ಮಕ್ಕಳೆಂಬ ವಾದವನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಸಂಬಂಧವಿಲ್ಲದಿದ್ದರೆ ಬೇಡ, ಸ್ನೇಹಕ್ಕೆ ಅಡ್ಡಿಯೇನು?

ಆ ಮಕ್ಕಳಲ್ಲಿ ಕನ್ನಡಕ ಹಾಕಿದ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ಬರವಣಿಗೆಯಲ್ಲಿ ಅವನಿಗೆ ತಿಳಿಯದ ಪದವಿಲ್ಲ. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ತಪ್ಪಿದರೆ ಅಂಕ ಹೋಗುತ್ತದೆಂಬ ಭಯ ಅವನ ನಾಲಗೆಯನ್ನು ಕಟ್ಟಿಹಾಕಿದ್ದಿತು. ನಾನೊಂದು ಉಪಾಯ ಹೂಡಿದೆ. ದಿನಕ್ಕೆ ಐದು ಕೊರಿಯ ಪದಗಳನ್ನು ನಾನು ಅವರಿಂದ ಕಲಿಯಬೇಕು. ನನ್ನ ತಪ್ಪನ್ನು ಅವರು ಇಂಗ್ಲಿಷಿನಲ್ಲಿ ತಿದ್ದಬೇಕು. ನನ್ನ ಉಚ್ಚಾರಣೆಯನ್ನು ಕೇಳಿ ಮಕ್ಕಳು ಚಾಪೆಯ ಮೇಲೆ ಉರುಳಾಡಿ ನಕ್ಕರು. ನಾಲ್ಕನೆಯ ದಿನ ಆ ಹುಡುಗ ತಡೆಯಲಾರದೆ, "ನೋ, ನೋ, ಟೀಚರ್! ಲಿಸನ್ ಟು ಮಿ!" ಎಂದುಬಿಟ್ಟ. ಅಂದಿನಿಂದ ಅವನೇ ನನ್ನ ಗುರು.

ಒಂದು ಹೆಸರು

ಎರಡನೆಯ ವಾರದ ಒಂದು ದಿನ ಆ ಹುಡುಗ ತಮ್ಮ ಹಂಗುಲ್ ಲಿಪಿಯಲ್ಲಿ ಎಲ್ಲರ ಹೆಸರುಗಳನ್ನೂ ಬರೆದ. ಅಕ್ಕನ ಮಗಳ ಹೆಸರನ್ನೂ ಬರೆದ. ಆಮೇಲೆ ಅವಳ ಮುಂದೆ ಕಾಗದವನ್ನಿಟ್ಟು, "ನಿಮ್ಮ ಅಕ್ಷರದಲ್ಲಿ ಬರೆ" ಎಂದ. ಅವಳು ರೋಮನ್ ಅಕ್ಷರದಲ್ಲಿ ಬರೆದಳು. "ಇದು ಇಂಗ್ಲಿಷ್. ನಿಮ್ಮದು?" ಎಂದು ಅವನು ಮತ್ತೆ ಕೇಳಿದ. ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಬರೆಯಲು ಬರುತ್ತಿರಲಿಲ್ಲ.

ಹುಡುಗನ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಆದರೆ ನನಗೆ ಯಾರೋ ತುಂಬಿದ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದಂತಾಯಿತು. ಪರರ ಮಕ್ಕಳಿಗೆ ಪರಭಾಷೆ ಕಲಿಸಲು ದಿನವೂ ಸಿದ್ಧನಾಗಿ ಕೂರುವ ಸೋದರಮಾವನಿಗೆ, ಪಕ್ಕದಲ್ಲಿಯೇ ಕುಳಿತ ಸೊಸೆಗೆ ಅ ಆ ಇ ಈ ಬಾರದೆಂಬುದು ಹತ್ತು ದಿನಗಳಾದರೂ ತಿಳಿದಿರಲಿಲ್ಲ. ಆ ರಾತ್ರಿ ಅಕ್ಕನನ್ನು ಕೇಳಿದೆ. "ಇಲ್ಲಿಯ ಶಾಲೆಯಲ್ಲಿ ಕೊರಿಯ ನುಡಿ ಬೇಕು, ಮುಂದಕ್ಕೆ ಇಂಗ್ಲಿಷ್ ಬೇಕು. ಕನ್ನಡಕ್ಕೆ ಹೊತ್ತೆಲ್ಲಿದೆ ಹೇಳು" ಎಂದಳು. ತಪ್ಪೆನ್ನುವುದು ಹೇಗೆ? ಬೆಂಗಳೂರಿನಲ್ಲಿಯೇ ಇದ್ದು ಇದೇ ಮಾತನ್ನು ಹೇಳುವ ತಾಯಂದಿರನ್ನು ನಾನು ಬಲ್ಲೆ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಇಂಗ್ಲಿಷಿಗಾಗಿ ಅಷ್ಟು ಹಣ ಚೆಲ್ಲುವ ಕೊರಿಯದ ಮಕ್ಕಳು ಗಣಿತ, ವಿಜ್ಞಾನ, ಚರಿತ್ರೆಗಳನ್ನು ಶಾಲೆಯಲ್ಲಿ ಓದುವುದು ತಮ್ಮ ನುಡಿಯಲ್ಲಿಯೇ. ಆ ಲಿಪಿ ಅವರಿಗೆ ಬಿಟ್ಟಿ ಬಂದುದಲ್ಲ. ಚೀನೀ ಅಕ್ಷರಗಳು ಜನಸಾಮಾನ್ಯರಿಗೆ ಎಟುಕುವುದಿಲ್ಲವೆಂದು ಮನಗಂಡ ಸೇಜೋಂಗ್ ಅರಸನು 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿ ಅದು. 1910ರಿಂದ 1945ರವರೆಗೆ ದೇಶ ಜಪಾನಿನ ಕೈಯಲ್ಲಿದ್ದಾಗ, ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಆ ನುಡಿಯನ್ನೇ ಹೊರದೂಡಿದರು. 1942ರಲ್ಲಿ ನಿಘಂಟು ರಚಿಸುತ್ತಿದ್ದ ವಿದ್ವಾಂಸರನ್ನು ಸೆರೆ ಹಿಡಿದರು. ಇಬ್ಬರು ಸೆರೆಮನೆಯಲ್ಲಿಯೇ ಅಸುನೀಗಿದರು. ಕಳೆದುಹೋಯಿತೆಂದುಕೊಂಡಿದ್ದ ನಿಘಂಟಿನ ಹಸ್ತಪ್ರತಿ 1945ರ ಸೆಪ್ಟೆಂಬರಿನಲ್ಲಿ ಸಿಯೋಲ್ ರೈಲುನಿಲ್ದಾಣದ ಉಗ್ರಾಣವೊಂದರಲ್ಲಿ ದೊರೆಯಿತು. 1947ರಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು. ಪ್ರತಿ ವರ್ಷ ಅಕ್ಟೋಬರ್ 9ರಂದು ದೇಶಕ್ಕೆ ದೇಶವೇ ಅಕ್ಷರಗಳಿಗಾಗಿ ರಜೆ ಆಚರಿಸುತ್ತದೆ.

ಮರುದಿನದಿಂದ ಪಾಠದ ಕೊನೆಯ ಹತ್ತು ನಿಮಿಷ ಕನ್ನಡಕ್ಕೆ ಮೀಸಲಾಯಿತು. ಸೊಸೆಗೆಂದು ತೊಡಗಿದ ವರ್ಣಮಾಲೆಗೆ ಏಳು ಮಂದಿ ವಿದ್ಯಾರ್ಥಿಗಳಾದರು. ತಮ್ಮಲ್ಲಿ ಮೂಲಾಕ್ಷರಗಳು 24, ನಮ್ಮಲ್ಲಿ 49 ಎಂದು ತಿಳಿದಾಗ ಮಕ್ಕಳು ತಲೆಯ ಮೇಲೆ ಕೈ ಹೊತ್ತರು. ಆದರೆ ಕಾಗುಣಿತದ ಮರ್ಮ ಅವರಿಗೆ ಬೇಗನೆ ತಿಳಿಯಿತು. ವ್ಯಂಜನಕ್ಕೆ ಸ್ವರ ಸೇರಿಸಿ ಒಂದೇ ಅಕ್ಷರವಾಗಿ ಕಟ್ಟುವುದು ಅವರ ಲಿಪಿಗೂ ಹೊಸದಲ್ಲ. ಗೆಳೆಯರು ಬರೆಯುವುದನ್ನು ಕಂಡ ಸೊಸೆಗೆ ಛಲ ಹುಟ್ಟಿತು. ನಾನು ಹೊರಡುವ ಹಿಂದಿನ ದಿನ ಅವಳು ತನ್ನ ಹೆಸರನ್ನು ಬರೆದು ಹುಡುಗನಿಗೆ ಕೊಟ್ಟಳು. ಅವನು ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡ.

ಮೂರು ವಾರಗಳಲ್ಲಿ ನಾನು ಅವರಿಗೆ ಕಲಿಸಿದ ಇಂಗ್ಲಿಷ್ ಎಷ್ಟು ದಿನ ಉಳಿದೀತೋ ಕಾಣೆ. ಹಳದಿ ವ್ಯಾನು ದಿನವೂ ಬರುತ್ತಿದೆ; ಅದು ಕಲಿಸುವುದರ ಮುಂದೆ ನನ್ನದು ಎಷ್ಟರದು? ಅಕ್ಟೋಬರಿನಲ್ಲಿ ಒಂದು ಸಂಜೆ ಅಕ್ಕನ ಮೊಬೈಲಿನಿಂದ ಒಂದು ಚಿತ್ರ ಬಂತು. ಗೆರೆ ಹಾಕಿದ ಹಾಳೆಯಲ್ಲಿ ದಪ್ಪ ಅಕ್ಷರಗಳು: 'ಮಾವ, ಊಟ ಆಯತಾ?' ಅದರ ಕೆಳಗೆ ಬೇರೊಂದು ಕೈಬರಹದಲ್ಲಿ ಅದೇ ಪ್ರಶ್ನೆ, ಹಂಗುಲ್ ಲಿಪಿಯಲ್ಲಿ.

ಒತ್ತಕ್ಷರ ಬಿಟ್ಟುಹೋಗಿತ್ತು. ವೃತ್ತಿಯಿಂದ ತಪ್ಪು ತಿದ್ದುವವನು ನಾನು. ಅಂದು ತಿದ್ದಲಿಲ್ಲ. 'ಆಯ್ತಮ್ಮ, ನಿಮ್ಮದು?' ಎಂದಷ್ಟೇ, ಕನ್ನಡದಲ್ಲಿ, ಬರೆದು ಕಳುಹಿಸಿದೆ.