ಕೇಸರಿ ಬೆರೆಸುವ ಮುನ್ನ

ಕಳೆದ ಹಿಂಗಾರಿನ ಆರಂಭದಲ್ಲಿ ಸಂಕೇಶ್ವರದ ಕಡೆಯ ರೈತರೊಬ್ಬರು ಒಂದು ಸಣ್ಣ ಪೊಟ್ಟಣವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. "ಅಮೆರಿಕನ್ ಕೇಸರಿ ಬೀಜ ರೀ ಸಾಹೇಬ್ರ. ಬೆಳೆ ಬಂದ ಮ್ಯಾಲೆ ಕೊಟ್ಟವ್ರ ಖರೀದಿ ಮಾಡ್ತಾರಂತ. ನಮ್ಮ ಹೆಣ್ಮಕ್ಕಳು ಸಂಘದಾಗ ಸಾಬೂನು ಮಾಡ್ತಾರ, ಅದಕ್ಕೂ ಹಾಕಬಹುದು" ಎಂದರು. ಬಿಚ್ಚಿ ನೋಡಿದೆ. ಬಿಳಿ ಬಣ್ಣದ, ಗಟ್ಟಿ ಸಿಪ್ಪೆಯ, ಮೂಲೆಗಳುಳ್ಳ ಬೀಜಗಳು. ಅವರ ತಂದೆಯವರು ಬಿಳಿಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕುತ್ತಿದ್ದ ಕುಸುಬೆಯ ಬೀಜಗಳೇ ಅವು. ಅರ್ಧ ಎಕರೆಗಾಗುವಷ್ಟು ಬೀಜಕ್ಕೆ ಅವರು ಆಗಲೇ ಹಣ ಕೊಟ್ಟಾಗಿತ್ತು.

ರೈತ ಬಾಂಧವರೇ, ಇದು ಒಬ್ಬರ ಕಥೆಯಲ್ಲ. ರಾಜಸ್ಥಾನ, ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳಲ್ಲಿಯೂ 'ಅಮೆರಿಕನ್ ಕೇಸರಿ' ಎಂಬ ಹೆಸರಿನಲ್ಲಿ ಕುಸುಬೆ ಬೀಜವನ್ನು ಮಾರಿದ ಸಂಗತಿಗಳು ನಡೆದಿವೆ. ಈಗ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳಲ್ಲಿ ಕಬ್ಬು, ಅರಿಶಿನ ಬೆಳೆಯುವ ಮನೆಗಳ ಮಹಿಳಾ ಸಂಘಗಳೂ ರೈತ ಉತ್ಪಾದಕ ಕಂಪನಿಗಳೂ ಸಾಬೂನು, ಮುಖಲೇಪ, ಅರಿಶಿನ ಹಾಲಿನ ಪುಡಿ ಮುಂತಾದವುಗಳನ್ನು ತಮ್ಮದೇ ಹೆಸರಿನಲ್ಲಿ ಮಾರಲು ಮುಂದಾಗುತ್ತಿವೆ. ಪರವಾನಗಿ ಇರುವ ಬೇರೊಂದು ಕಾರ್ಖಾನೆಯಿಂದ ಸರಕು ಮಾಡಿಸಿ, ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುವ ಈ ಪದ್ಧತಿಗೆ ಪ್ರೈವೇಟ್ ಲೇಬಲ್ ಎನ್ನುವರು. ಇಂತಹ ಸರಕಿಗೆ ಕೇಸರಿ ಬೆರೆಸಿದರೆ ಹೆಚ್ಚಿನ ಬೆಲೆ ಸಿಗುವುದೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. ಆದರೆ ಬೆರೆಸುವ ಮುನ್ನ ತಿಳಿಯಬೇಕಾದ ಕೆಲವು ವಿಷಯಗಳಿವೆ.

ನಿಜವಾದ ಕೇಸರಿ ಯಾವುದು?

ಕೇಸರಿ ಗಿಡ ನೋಡಲು ಸಣ್ಣ ಈರುಳ್ಳಿ ಸಸಿಯಂತಿದ್ದು, ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ನೇರಳೆ ಬಣ್ಣದ ಹೂ ಬಿಡುತ್ತದೆ. ಹೂವಿನ ನಡುವೆ ಇರುವ ಮೂರು ಕೆಂಪು ಎಳೆಗಳೇ ಕೇಸರಿ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳು ಬೇಕು. ಅಷ್ಟನ್ನೂ ಕೈಯಿಂದಲೇ ಬಿಡಿಸಬೇಕು. ಅದರ ಬೆಲೆಗೆ ಕಾರಣ ಇದೇ.

ಮುಖ್ಯ ಮಾತೆಂದರೆ ಈ ಗಿಡ ಬೀಜ ಕಟ್ಟುವುದಿಲ್ಲ. ಗೆಡ್ಡೆಯಿಂದ ಮಾತ್ರ ಇದರ ವಂಶ ಬೆಳೆಯುತ್ತದೆ. ಆದುದರಿಂದ 'ಕೇಸರಿ ಬೀಜ' ಎಂದು ಯಾರಾದರೂ ಮಾರಲು ಬಂದರೆ ಬೇರೆ ಪರೀಕ್ಷೆಯ ಅವಶ್ಯಕತೆಯೇ ಇಲ್ಲ. ಅದು ಕೇಸರಿಯಲ್ಲ.

ಇನ್ನೊಂದು ಗೊಂದಲ ಹೆಸರಿನದು. ಸಂಸ್ಕೃತದಲ್ಲಿ ಕುಂಕುಮವೆಂದರೆ ಕೇಸರಿ. ಕುಂಕುಮಾದಿ ತೈಲದಲ್ಲಿರುವ ಕುಂಕುಮವೂ ಅದೇ. ನಮ್ಮ ತಾಯಂದಿರು ಹಣೆಗಿಡುವ ಕುಂಕುಮವಾದರೋ ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ್ದು. ಹೆಸರು ಒಂದೇ ಆದರೂ ವಸ್ತು ಎರಡು.

ನಮ್ಮಲ್ಲಿ ಬೆಳೆಯಬಹುದೇ?

ಭಾರತದಲ್ಲಿ ಕೇಸರಿಯ ತವರು ಕಾಶ್ಮೀರದ ಪಾಂಪೋರ್ ಸುತ್ತಲಿನ ದಿಬ್ಬದ ಭೂಮಿ. ಕಿಶ್ತವಾಡದಲ್ಲಿಯೂ ಬೆಳೆಯುತ್ತಾರೆ. ಜಗತ್ತಿನ ಕೇಸರಿಯ ಬಹುಪಾಲು ಇರಾನಿನಿಂದ ಬರುತ್ತದೆ. ಕೇಸರಿಯ ಗೆಡ್ಡೆಯೊಳಗೆ ಹೂವಿನ ಮೊಗ್ಗು ರೂಪುಗೊಳ್ಳಲು 23ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ, ಅದು ಹೊರಬಂದು ಅರಳಲು ಸುಮಾರು 17 ಡಿಗ್ರಿಯ ತಂಪೂ ಬೇಕು. ಸಂಕೇಶ್ವರದಲ್ಲಿ ಅಕ್ಟೋಬರ್ ಹಗಲು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಯಲು ಹೊಲದಲ್ಲಿ ಈ ಬೆಳೆ ಲಾಭದಾಯಕವಾಗದು.

ಯಂತ್ರದಿಂದ ತಂಪು ಮಾಡಿದ ಕೋಣೆಗಳಲ್ಲಿ ಕೇಸರಿ ಅರಳಿಸುವವರು ಈಚೆಗೆ ಹಲವೆಡೆ ಇದ್ದಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ತಂದ ಗೆಡ್ಡೆ ಮೊದಲ ವರ್ಷ ಹೂ ಬಿಡುವುದು ತನ್ನೊಳಗೆ ಕೂಡಿಟ್ಟ ಆಹಾರದಿಂದ. ಅಂದರೆ ಆ ಹೂ ಕಾಶ್ಮೀರದ ಮಣ್ಣಿನ ಗಳಿಕೆ, ನಿಮ್ಮ ಕೋಣೆಯದಲ್ಲ. ಹೂ ಮುಗಿದ ಮೇಲೆ ಗೆಡ್ಡೆಯನ್ನು ಮಣ್ಣಿಗೆ ಹಾಕಿ, ದೀರ್ಘವಾದ ಚಳಿಗಾಲದಲ್ಲಿ ಮರಿಗೆಡ್ಡೆಗಳನ್ನು ಬಲಿಸಬೇಕು. ಸುಮಾರು 8 ಗ್ರಾಂಗಿಂತ ಕಡಿಮೆ ತೂಕದ ಗೆಡ್ಡೆಯಿಂದ ಹೂವನ್ನು ನೆಚ್ಚುವಂತಿಲ್ಲ. ನಮ್ಮ ಚಳಿಗಾಲ ಚಿಕ್ಕದು. ಮೊದಲ ವರ್ಷದ ಹೂ ತೋರಿಸಿ ತರಬೇತಿಗೆ, ಯಂತ್ರಕ್ಕೆ ಹಣ ಕೇಳುವವರನ್ನು ಹೀಗೆ ಕೇಳಿರಿ: "ಮೂರನೆಯ ವರ್ಷ ಅದೇ ಗೆಡ್ಡೆಯ ಮರಿಗಳು ಎಷ್ಟು ಹೂ ಕೊಟ್ಟವು?" ಇದರ ಲೆಕ್ಕ ತೋರಿಸದಿದ್ದರೆ ಹಣ ಹೂಡಬೇಡಿರಿ.

ಎಷ್ಟು ಬೆರೆಸಬೇಕು, ಖರ್ಚೆಷ್ಟು?

ಬೆಳೆಯುವುದು ಬೇಡ, ಕೊಂಡು ಬೆರೆಸುತ್ತೇವೆ ಎನ್ನುವವರು ಮೊದಲು ಲೆಕ್ಕ ಹಾಕಬೇಕು. ಬೆಲೆ ಏರಿಳಿಯುತ್ತಿರುತ್ತದೆ. ಲೆಕ್ಕಕ್ಕಾಗಿ ಗ್ರಾಂಗೆ 400 ರೂಪಾಯಿ ಎಂದು ಹಿಡಿಯೋಣ. ಒಂದು ಗ್ರಾಂ ಎಂದರೆ ಸುಮಾರು 150 ಹೂಗಳ ಎಳೆ. 100 ಗ್ರಾಂ ತೂಕದ ನೂರು ಸಾಬೂನುಗಳಿಗೆ ಒಂದು ಗ್ರಾಂ ಹಾಕಿದರೆ ಪ್ರತಿ ಸಾಬೂನಿಗೆ 10 ಮಿಲಿಗ್ರಾಂ, ಅಂದರೆ ಒಂದೂವರೆ ಹೂವಿನ ಎಳೆ ಬರುತ್ತದೆ. ಇದರ ಖರ್ಚು ಸಾಬೂನಿಗೆ 4 ರೂಪಾಯಿ. ಇದರ ಹತ್ತು ಪಟ್ಟು ಹಾಕಿದರೆ ಕೇಸರಿಗೇ 40 ರೂಪಾಯಿ ತಗಲುತ್ತದೆ. 30 ರೂಪಾಯಿಗೆ ಮಾರುವ ಸಾಬೂನಿನಲ್ಲಿ ಎಷ್ಟು ಕೇಸರಿ ಇರಬಲ್ಲದೆಂಬುದನ್ನು ಇದರಿಂದ ನೀವೇ ತಿಳಿಯಬಹುದು.

ಇನ್ನೊಂದು ವಿಷಯ. ಕೇಸರಿಗೆ ಬಣ್ಣ ಕೊಡುವ ಕ್ರೋಸಿನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಳೆಗಳನ್ನು ನೇರವಾಗಿ ಕೊಬ್ಬರಿ ಎಣ್ಣೆಗೆ ಹಾಕಿದರೆ ಬಣ್ಣ ಬಿಡದು. ಉಗುರುಬೆಚ್ಚಗಿನ ನೀರು ಅಥವಾ ಹಾಲಿನಲ್ಲಿ ಮೊದಲು ನೆನೆಯಿಸಬೇಕು. ಬೆಳಕು ಮತ್ತು ಶಾಖಕ್ಕೆ ಈ ಬಣ್ಣ ಬೇಗ ಮಾಸುತ್ತದೆ. ಆದ್ದರಿಂದ ಕೇಸರಿಯುಳ್ಳ ಸರಕನ್ನು ತಿಳಿಗಾಜಿನ ಸೀಸೆಯಲ್ಲಿ ತುಂಬಿ ಅಂಗಡಿಯ ಬಿಸಿಲಿಗೆ ಇಡಬಾರದು. ಹಾಲಿನ ಪುಡಿಯಂತಹ ಒಣ ಪದಾರ್ಥಗಳಲ್ಲಿ ಸ್ವಲ್ಪವೇ ಕೇಸರಿ ಹಾಕಿದರೂ ಕುಡಿಯುವವರಿಗೆ ಬಣ್ಣವೂ ವಾಸನೆಯೂ ತಿಳಿಯುತ್ತವೆ. ಸಾಬೂನಿನಲ್ಲಾದರೆ ಬಹುಪಾಲು ತೊಳೆದು ಹೋಗುತ್ತದೆ.

ಕೊಳ್ಳುವಾಗ ಪರೀಕ್ಷೆ

ಪುಡಿ ಮಾಡಿದ ಕೇಸರಿಯನ್ನು ಎಂದಿಗೂ ಕೊಳ್ಳಬೇಡಿರಿ. ಪುಡಿಯಲ್ಲಿ ಅರಿಶಿನವೂ ಕುಸುಬೆಯೂ ಸುಲಭವಾಗಿ ಅಡಗುತ್ತವೆ. ಎಳೆಯನ್ನೇ ಕೊಂಡು ಮನೆಯಲ್ಲಿ ಹೀಗೆ ನೋಡಿರಿ:

1. ನಿಜವಾದ ಎಳೆಯ ಒಂದು ತುದಿ ಕಹಳೆಯಂತೆ ಅಗಲವಾಗಿದ್ದು, ಇನ್ನೊಂದು ತುದಿ ಸಣ್ಣಗಿರುತ್ತದೆ. ಕುಸುಬೆಯ ಎಸಳಾದರೆ ಸಣ್ಣ ಕೊಳವೆಯಂತಿದ್ದು ತುದಿಯಲ್ಲಿ ಐದು ಸೀಳುಗಳಿರುತ್ತವೆ.

2. ನಾಲ್ಕು ಎಳೆಗಳನ್ನು ತಣ್ಣೀರಿಗೆ ಹಾಕಿ ಕಾಲು ತಾಸು ಬಿಡಿರಿ. ನಿಜವಾದದ್ದು ನಿಧಾನವಾಗಿ ಹಳದಿ ಬಣ್ಣ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬೆಳ್ಳಗಾದರೆ ಅದಕ್ಕೆ ಬಣ್ಣ ಕಟ್ಟಲಾಗಿದೆ.

3. ಬಾಯಿಗೆ ಹಾಕಿದರೆ ಕಹಿ ಇರಬೇಕು. ಸಿಹಿ ಇದ್ದರೆ ತೂಕ ಹೆಚ್ಚಿಸಲು ಸಕ್ಕರೆ ಪಾಕ ಅಥವಾ ಜೇನು ಸವರಿರಬಹುದು.

ಈ ಪರೀಕ್ಷೆಗಳು ದೊಡ್ಡ ಮೋಸವನ್ನು ಮಾತ್ರ ಹಿಡಿಯುತ್ತವೆ. ಹೆಚ್ಚು ಪ್ರಮಾಣದಲ್ಲಿ ಕೊಳ್ಳುವ ಸಂಘಗಳು ಮಾರುವವರಿಂದ ಪ್ರಯೋಗಾಲಯದ ವರದಿಯನ್ನು ಕೇಳಿ ಪಡೆಯಬೇಕು. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಇರಾನಿನ ಎಳೆಯನ್ನು ಹಾಕಿ 'ಕಾಶ್ಮೀರಿ ಕೇಸರಿ' ಎಂದು ಮುದ್ರಿಸುವುದು ತಪ್ಪು.

ಚೀಟಿಯ ಮೇಲಿನ ಹೊಣೆ

ತಿನ್ನುವ, ಕುಡಿಯುವ ಪದಾರ್ಥಗಳಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಅಥವಾ ಪರವಾನಗಿ ಬೇಕು. ಸಾಬೂನು, ಮುಖಲೇಪ, ಆಯುರ್ವೇದ ತೈಲಗಳು 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆಗೆ ಒಳಪಡುತ್ತವೆ. ಬೇರೆಯವರಿಂದ ಮಾಡಿಸಿದರೂ ಚೀಟಿಯ ಮೇಲೆ ನಿಮ್ಮ ಹೆಸರಿದ್ದ ಮೇಲೆ ಹೊಣೆಯಿಂದ ನುಣುಚಿಕೊಳ್ಳಲಾಗದು. ಕಾರ್ಖಾನೆಯವರಿಗೆ ಕೇಸರಿಯನ್ನು ನೀವೇ ಕೊಂಡು, ತೂಗಿ ಕೊಡಿರಿ. ಪ್ರತಿ ಸಲದ ತಯಾರಿಕೆಗೆ ಎಷ್ಟು ಗ್ರಾಂ ಬಿತ್ತೆಂಬುದನ್ನು ಪುಸ್ತಕದಲ್ಲಿ ಬರೆಸಿ ಸಹಿ ಪಡೆಯಿರಿ. "ಮುಖ ಬೆಳ್ಳಗಾಗುತ್ತದೆ", "ರೋಗ ವಾಸಿಯಾಗುತ್ತದೆ" ಎಂದು ಮುದ್ರಿಸಬೇಡಿರಿ.

ಕುಸುಬೆಯನ್ನು ಕುಸುಬೆಯೆಂದೇ ಮಾರಿರಿ

ಹಾಗಾದರೆ ಕುಸುಬೆ ಎಸಳಿಗೆ ಬೆಲೆಯೇ ಇಲ್ಲವೇ? ಇದೆ. ಚೀನಾದಲ್ಲಿ ಕುಸುಬೆ ಎಸಳು ಹೆಸರಾದ ಔಷಧ. ಮಹಾರಾಷ್ಟ್ರದ ಫಲಟಣದ ನಿಂಬ್ಕರ್ ಸಂಸ್ಥೆ ಮುಳ್ಳಿಲ್ಲದ ನಾರಿ-6 ತಳಿಯನ್ನು ಹೊರತಂದು, ಎಸಳಿನ ಚಹಾವನ್ನೂ ಪ್ರಚಾರಕ್ಕೆ ತಂದಿದೆ. ನಮ್ಮ ಅಣ್ಣಿಗೇರಿಯ ಎ-1 ತಳಿ ಕಾಳಿಗೂ ಎಣ್ಣೆಗೂ ಹೆಸರಾದದ್ದಾದರೂ ಮುಳ್ಳು ಇರುವುದರಿಂದ ಎಸಳು ಬಿಡಿಸುವ ಕೈಗೆ ಕಷ್ಟ.

ಎಸಳಿಗಾಗಿ ಬೆಳೆಯುವವರು ಕಪ್ಪು ಭೂಮಿಯಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎಕರೆಗೆ 3ರಿಂದ 4 ಕಿಲೋ ಬೀಜ ಬಿತ್ತಬೇಕು. ಹೂ ಅರಳಿದ ಕೂಡಲೇ ಎಸಳು ಕೀಳಬಾರದು. ಕಾಳು ಕಟ್ಟಿ ಎಸಳು ಬಾಡತೊಡಗಿದಾಗ ಬಿಡಿಸಿದರೆ ಕಾಳಿನ ಇಳುವರಿಗೆ ಧಕ್ಕೆಯಿಲ್ಲ. ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಕುಸುಬೆಗೆ ಹೇನಿನ ಬಾಧೆ ಹೆಚ್ಚು. ಎಸಳು ತೆಗೆಯುವ ಬೆಳೆಗೆ ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸಬಾರದು, ಏಕೆಂದರೆ ವಿಷ ನೇರವಾಗಿ ಕುಡಿಯುವವರ ಬಟ್ಟಲಿಗೆ ಹೋಗುತ್ತದೆ. ಗರ್ಭಿಣಿಯರು ಈ ಚಹಾ ಕುಡಿಯಬಾರದೆಂದು ಚೀಟಿಯಲ್ಲಿ ಬರೆಯುವುದು ಅವಶ್ಯ. ಮಾರುವ ಮುನ್ನ ಕೊಳ್ಳುವವರನ್ನು ಗೊತ್ತುಮಾಡಿಕೊಂಡು, ಮೊದಲ ವರ್ಷ ನಾಲ್ಕಾರು ಗುಂಟೆಗಳಲ್ಲಿ ಮಾತ್ರ ಪ್ರಯತ್ನಿಸಿರಿ.

ನಿಮ್ಮ ಹೊಲದ ಅರಿಶಿನವನ್ನಂತೂ ಮರೆಯಬೇಡಿರಿ. ಗಡಿಯಾಚೆಯ ಸಾಂಗಲಿ ಪೇಟೆಯಲ್ಲಿ ಚೀಲದ ಲೆಕ್ಕದಲ್ಲಿ ಹೋಗುವ ಅರಿಶಿನವೇ ಶುದ್ಧವಾಗಿ ಬೇಯಿಸಿ, ಒಣಗಿಸಿ, ಬಣ್ಣ ಸೇರಿಸದೆ ಪುಡಿ ಮಾಡಿ ನಿಮ್ಮ ಹೆಸರಿನಲ್ಲಿ ಮಾರಿದಾಗ ನಿಜವಾದ ಮೌಲ್ಯವರ್ಧನೆ ಆಗುತ್ತದೆ. ಅದರ ಹಾಲಿನ ಪುಡಿಗೆ ನಿಜವಾದ ಕೇಸರಿಯನ್ನು ಸ್ವಲ್ಪ ಸೇರಿಸಿ, ಎಷ್ಟು ಮಿಲಿಗ್ರಾಂ ಇದೆಯೆಂದು ಬರೆದು, ಅದಕ್ಕೆ ತಕ್ಕ ಬೆಲೆ ಕೇಳಿದರೆ ಯಾರೂ ಬೇಸರಿಸರು. ಸಂಕೇಶ್ವರಿ ಮೆಣಸಿನಕಾಯಿಗೆ ಊರಿನ ಹೆಸರು ಬಂದದ್ದೂ ಕೊಂಡವರ ನಂಬಿಕೆಯಿಂದಲೇ.

ಆ ರೈತರಿಗೆ ಬೀಜ ಮಾರಿದವರ ದೂರವಾಣಿ ಮತ್ತೆ ಹತ್ತಲಿಲ್ಲ. ಅವರು ಪೊಟ್ಟಣವನ್ನು ಎಸೆಯಲಿಲ್ಲ. ಜೋಳದ ಹೊಲದಲ್ಲಿ ಮೊದಲಿನಂತೆ ಅಕ್ಕಡಿ ಸಾಲಾಗಿ ಬಿತ್ತಿ, ಸುಗ್ಗಿಯಲ್ಲಿ ಕುಸುಬೆ ಎಣ್ಣೆ ಮಾಡಿಸಿಕೊಂಡರು. ಮನೆಯ ಸಂಘದವರು ಅಚ್ಚು ಹಾಕಿಸಲಿದ್ದ 'ಕೇಸರಿ ಸಾಬೂನು' ಚೀಟಿಯನ್ನು ನಿಲ್ಲಿಸಿ, 'ಅರಿಶಿನ ಸಾಬೂನು' ಎಂದು ಬದಲಾಯಿಸಿದರು.

ನಿಮ್ಮಲ್ಲಿಗೂ ಇಂತಹ ಪೊಟ್ಟಣ ಬಂದರೆ, ಹಣ ಕೊಡುವ ಮೊದಲು ಹತ್ತು ಬೀಜಗಳನ್ನು ಕಾಗದದಲ್ಲಿ ಕಟ್ಟಿಕೊಂಡು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಅರಭಾವಿಯ ತೋಟಗಾರಿಕೆ ಕಾಲೇಜಿಗೋ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ತೋರಿಸಿರಿ.